ಅಳಿಸಿದ ಗುರುತು

ಅಂಬೆಗಾಲಿಡುವಾಗಲೇ ಅಪ್ಪ ಕೈಗಿತ್ತ ರಾಕೆಟ್ಟನ್ನು ಲ್ಯೂಸಿಯೆನ್ ಕೆಳಗಿಟ್ಟದ್ದೇ ಇಲ್ಲ. ಇಂದು ಪ್ಯಾರಿಸ್ಸಿನ ಕೆಂಪು ಮಣ್ಣಿನ ಟೆನಿಸ್ ಅಂಕಣದಲ್ಲಿ ಮಂಡಿನೋವಿಗೆ ಸೂಜಿ ಚುಚ್ಚಿಸಿಕೊಂಡು ಆಡುತ್ತಿದ್ದ. ಎದುರಾಳಿ ಗೆಲ್ಲಲು ಇನ್ನೊಂದೇ ಅಂಕ ಬೇಕಿತ್ತು.

"ಸೋತ್ರೆ ಎಲ್ಲಾ ಮುಗೀತು ಮಗನೇ! ಗೆದ್ರೆ ಇನ್ನೂ ವರ್ಷಗಟ್ಟಲೆ ಆಡ್ತೀಯ!" ಅಪ್ಪ ಕೂಗಿದ.

ಎದುರಾಳಿ ಹೊಡೆದ ಚೆಂಡು ಲ್ಯೂಸಿಯೆನ್‌ನ ಕಾಲ ಬಳಿ ಬಿತ್ತು. "ಔಟ್!" ಎಂದ ಗೆರೆ ಕಾಯುವವನು.

"ಸುಳ್ಳು! ಮಣ್ಣಲ್ಲಿ ಗುರುತಿದೆ, ನೋಡಿ!" ಎದುರಾಳಿ ರೇಗಿದ.

ಅಂಪೈರ್ ಕುರ್ಚಿಯಿಂದಿಳಿದು ಬರುವಷ್ಟರಲ್ಲಿ ಲ್ಯೂಸಿಯೆನ್ ಆ ಗುರುತನ್ನು ಬೂಟಿನಿಂದ ಅಳಿಸಿಬಿಟ್ಟ. "ಒಳಗೇ ಬಿದ್ದಿತ್ತು. ಅಂಕ ಅವನದೇ."

ಜನವೆಲ್ಲ ಎದ್ದು ಚಪ್ಪಾಳೆ ತಟ್ಟಿದರು. ಅಪ್ಪ ಓಡಿಬಂದು ತಬ್ಬಿಕೊಂಡು ಅತ್ತ. "ಸೋತ್ರೂ ಎಂಥಾ ಸತ್ಯವಂತನೋ ನೀನು!"

"ಇನ್ನು ಆಡು ಅನ್ನಲ್ಲ ಅಲ್ವಾ, ಅಪ್ಪಾ?"

ಚೆಂಡು ಗೆರೆಯಿಂದ ನಾಲ್ಕು ಬೆರಳು ಆಚೆಗೇ ಬಿದ್ದಿತ್ತು.