ನೆರಳಿಗೆ ಸರಿದ ಕಲ್ಲು

"ಅಕ್ಕ, ನಿಮ್ಮ ಈ ಕಾಂಪೌಂಡು ಇದೆಯಲ್ಲ, ಇದು ರಸ್ತೇಲಿ ನಿಂತಿದೆ" ಎಂದು ಸರ್ವೆಯರ್ ರಂಗರಾಜು ಟೇಪು ಸುತ್ತಿಕೊಳ್ಳುತ್ತಾ ಹೇಳಿದಾಗ ಆಸ್ಮಾಗೆ ಮೊದಲು ನಗು ಬಂತು. ಗೋಡೆ ಎದುರಿಗೇ ಇದೆ, ಗೇಟಿದೆ, ಗೇಟಿಗೆ ಬೀಗವೂ ಇದೆ. ರಸ್ತೆ ಅದರಾಚೆ ತನ್ನ ಪಾಡಿಗೆ ತಾನು ಬಿದ್ದುಕೊಂಡಿದೆ.

"ಹಂಗಂದ್ರೆ ಏನ್ ಸಾರ್?"

"ಲೇಔಟ್ ನಕ್ಷೇಲಿ ಈ ರಸ್ತೆ ಮೂವತ್ತಡಿ. ಅಳೆದ್ರೆ ಇಪ್ಪತ್ತೇಳೇ ಇರೋದು. ಆ ಮೂರಡಿ ನಿಮ್ಮ ಗೋಡೆ ಒಳಗಿದೆ. ನಾಳೆ ರಸ್ತೆ ಅಗಲ ಮಾಡೋಕೆ ಬಂದ್ರೆ ಮೊದಲು ಒಡೆಯೋದೇ ಇದನ್ನ."

ಆಸ್ಮಾಳ ನಗು ಇಳಿಯಿತು. ಗೂಳೂರು ರಸ್ತೆಯ ಈ ಬಡಾವಣೆಯಲ್ಲಿ, ಸಾಲಿನ ಕಟ್ಟಕಡೆಯ ಈ ಮೂಲೆ ಮನೆಯನ್ನು ಕೊಳ್ಳಬೇಕೆಂದು ಅವಳು ಮೆಚ್ಚಿದ್ದೇ ಆ ಮೂರಡಿಗಾಗಿ. ಮನೆಗೂ ಕಾಂಪೌಂಡಿಗೂ ನಡುವಿನ ಆ ಓಣಿಗೆ ಮೇಲೊಂದು ಶೀಟು ಹೊದಿಸಿ, ರಸ್ತೆ ಕಡೆಗೆ ಕಿಟಕಿ ಇಡಿಸಿ, ಹೊಲಿಗೆ ಮಿಷನ್ ಹಾಕಿಕೊಳ್ಳಬೇಕು. 'ಆಸ್ಮಾ ಲೇಡೀಸ್ ಟೈಲರ್' ಅಂತ ಬೋರ್ಡು ತೂಗಬೇಕು. ಈಗಿನ ಬಾಡಿಗೆ ಮನೆಯಲ್ಲಿ ಮಿಷನ್ ಇರುವುದು ಅಡುಗೆಮನೆಯಲ್ಲಿ, ಒಗ್ಗರಣೆ ಪಕ್ಕ. ಗಂಡ ನಯೀಮ್ ಅಂತರಸನಹಳ್ಳಿ ಫ್ಯಾಕ್ಟರಿಯಲ್ಲಿ ರಾತ್ರಿ ಪಾಳಿ ಮುಗಿಸಿ ಬಂದು ಹಾಲಿನಲ್ಲಿ ಮಲಗಿದ್ದರೆ, ಬ್ಲೌಸ್ ಕೊಡಲು ಬಂದ ಹೆಂಗಸರು ಅವನ ಕಾಲು ದಾಟಿಕೊಂಡು ಒಳಗೆ ಬರಬೇಕು. ಅಯ್ಯೋ, ಸಾಕಪ್ಪಾ ಸಾಕು ಆ ಪಜೀತಿ!

"ಕಾಂಪೌಂಡು ಕಣ್ಣಿಗೆ ಕಾಣ್ತಾ ಇದೆಯಲ್ಲ, ಇನ್ನೇನು ಸರ್ವೆ?" ಎಂದು ನಯೀಮ್ ಗೊಣಗಿದ್ದ. ಅಳತೆ ತೆಗೆಯದೆ ಒಂದು ಕರ್ಚೀಫಿಗೂ ಕತ್ತರಿ ಇಡದ ಆಸ್ಮಾ ಮಾತ್ರ ಪಟ್ಟು ಬಿಡದೆ ರಂಗರಾಜುವನ್ನು ಕರೆಸಿದ್ದಳು. ಕರೆಸಿದ್ದೇ ತಪ್ಪಾಯಿತೇನೋ ಅನ್ನಿಸಿತು ಈಗ.

"ನಕ್ಷೆನೇ ತಪ್ಪಿರಬಹುದಲ್ವಾ ಸಾರ್?"

"ಬನ್ನಿ, ನೋಡೇಬಿಡೋಣ. ಸಾಲು ಶುರುವಾಗೋ ಕಡೆ ಗಡಿ ಕಲ್ಲು ಇರುತ್ತೆ. ಎಲ್ಲರ ಮನೆ ಅಳತೇನೂ ಹೊರಡೋದು ಅಲ್ಲಿಂದಾನೇ."

ಕಲ್ಲು ಇತ್ತು. ಕಲ್ಲಿನ ಮೇಲೆ ಮೊದಲನೇ ಮನೆಯ ಪುಟ್ಟತಾಯಮ್ಮ ಇದ್ದರು. ಹೊಂಗೆ ಮರದ ನೆರಳಿನಲ್ಲಿ ಹಾಯಾಗಿ ಕುಳಿತು, ತೊಡೆ ಮೇಲೆ ಮೊರ ಇಟ್ಟುಕೊಂಡು ಅವರೆಕಾಳು ಹಿಸುಕುತ್ತಿದ್ದರು. ಬಡಾವಣೆಯಲ್ಲಿ ಎಲ್ಲರಿಗಿಂತ ಮೊದಲು ಮನೆ ಕಟ್ಟಿಸಿದವರು ಅವರೇ.

"ಅಮ್ಮ, ಸ್ವಲ್ಪ ಎದ್ದೇಳ್ತೀರಾ? ಕಲ್ಲು ನೋಡ್ಬೇಕು."

"ಕಲ್ಲಲ್ಲೇನ್ ನೋಡ್ತೀಯ ಬುಡಪ್ಪ" ಎನ್ನುತ್ತಲೇ ಎದ್ದರು. ಕಲ್ಲಿನ ತಲೆ ಮೇಲಿದ್ದ ಬಾಣದ ಗುರುತು ಕೂತು ಕೂತು ಸವೆದು ನುಣ್ಣಗಾಗಿತ್ತು. ರಂಗರಾಜು ಹಿಂದಿನ ಬೀದಿಯ ಕಲ್ಲಿಗೆ ಹೋಗಿ ಬಂದು, ಟೇಪು ಎಳೆದು, ನಕ್ಷೆ ತಿರುಗಿಸಿ ತಿರುಗಿಸಿ ನೋಡಿ, ಸಾಲಿನ ಹೊರಗಡೆಗೆ ಮೂರಡಿ ಆಚೆ ಕಾಲಿನಿಂದ ನೆಲ ಕುಟ್ಟಿದ.

"ಈ ಕಲ್ಲು ಇಲ್ಲಿರ್ಬೇಕಿತ್ತು. ಯಾರೋ ಸರಿಸಿದ್ದಾರೆ."

"ಯಾರೋ ಯಾಕೆ, ನಾನೇ!" ಪುಟ್ಟತಾಯಮ್ಮನಿಗೆ ಲವಲೇಶವೂ ಅಳುಕಿಲ್ಲ. "ಅಲ್ಲಿ ರಣ ಬಿಸ್ಲು ಕಣಪ್ಪ. ಈ ಮರ ಅವಾಗ ಇಷ್ಟೇ ಇತ್ತು, ನೆರಳೂ ಇಷ್ಟೇ. ನಮ್ ಯಜಮಾನ್ರಿಗೆ ಹೇಳಿ ನೆರಳಿಗೆ ಎಳೆಸಿ ನೆಡಿಸ್ದೆ. ಸುತ್ತಾ ಒಂದು ನರಪಿಳ್ಳೆ ಇರ್ಲಿಲ್ಲ. ಆಮ್ಯಾಕೆ ನಮ್ ಮೇಸ್ತ್ರಿನೂ ಇದನ್ನೇ ಹಿಡ್ಕಂಡು ಅಳೆದ, ಬಂದೋರೆಲ್ಲ ಹಂಗೇ ಅಳ್ಕಂಡು ಹೋದ್ರು. ಅದಕ್ಕೆ ನಾನೇನ್ ಮಾಡ್ಲಿ?"

ಆಸ್ಮಾ ಸಾಲನ್ನು ಈ ತುದಿಯಿಂದ ಆ ತುದಿಯವರೆಗೆ ಒಮ್ಮೆ ನೋಡಿದಳು. ತಟ್ಟನೆ ಎಲ್ಲವೂ ಅರ್ಥವಾಯಿತು.

"ಅಂದ್ರೆ ಸಾರ್, ಅಂಗಿಯ ಮೊದಲ್ನೇ ಗುಂಡೀನ ಪಕ್ಕದ ಕಾಜಕ್ಕೆ ಹಾಕಿದ ಹಾಗಾಯ್ತು. ಒಬ್ಬರಾದ ಮೇಲೆ ಒಬ್ಬರು ಮೂರಡಿ ಜಾರ್ಕೊಂಡು ಹೋಗಿದ್ದಾರೆ. ಕೊನೇ ಗುಂಡಿ ನಾನು, ನನಗೆ ಕಾಜಾನೇ ಇಲ್ಲ!"

"ಕರೆಕ್ಟಾಗಿ ಹೇಳಿದ್ರಿ. ನಿಮ್ಮ ಸೈಟೊಳಗೆ ಪಕ್ಕದವರು, ಅವರ ಸೈಟೊಳಗೆ ಅವರ ಪಕ್ಕದವರು. ಈಗ ಯಾರನ್ನೂ ಅಲ್ಲಾಡಿಸೋಕಾಗಲ್ಲ. ಮನೆ ಬೇಕು ಅಂದ್ರೆ ಕ್ರಯಪತ್ರದಲ್ಲಿ ಸೈಟಿನ ಅಗಲ ಮೂವತ್ತಡಿ ಅಂತ ಬರೆಸ್ಕೋಬೇಡಿ. ಇಪ್ಪತ್ತೇಳು ಅಂತ ಬರೆಸಿ, ಅಷ್ಟಕ್ಕೇ ರೇಟು ಮಾತಾಡಿ. ಆ ಓಣಿ ಮಾತ್ರ ನಿಮ್ಮದಲ್ಲ, ಮರೆತುಬಿಡಿ."

ಆಸ್ಮಾಗೆ ಕೋಪ ಬಂತು, ಆದರೆ ಮೊರ ಹಿಡಿದು ನಿಂತ ಮುದುಕಿಯ ಮುಖ ನೋಡಿದರೆ ಕೋಪ ಪೂರ್ತಿ ಬರಲೂ ಒಲ್ಲದು.

"ಮನೆ ತಗೋತೀನಿ ಸಾರ್, ಇಪ್ಪತ್ತೇಳಕ್ಕೇ. ಸ್ವಂತ ಅಂತ ಒಂದಾದ್ರೆ ಸಾಕು" ಎಂದಳು. ಪುಟ್ಟತಾಯಮ್ಮನ ಕಡೆ ತಿರುಗಿದಳು. "ಆದ್ರೆ ಅಜ್ಜಿ, ನೀವು ನೆರಳಿಗೆ ಕೂತ್ಕೊಳ್ಳೋಕೆ ಹೋಗಿ ನನ್ನ ಮಿಷನ್ ಹಾಕೋ ಜಾಗ ಹೋಯ್ತಲ್ಲ!"

ಪುಟ್ಟತಾಯಮ್ಮ ಸೆರಗಿನಿಂದ ಕಲ್ಲು ಒರೆಸಿ ಮತ್ತೆ ಅದರ ಮೇಲೆಯೇ ಕುಳಿತರು. ರಂಗರಾಜು ಕಾಲಿನಿಂದ ಕುಟ್ಟಿದ ಜಾಗಕ್ಕೂ ತಮ್ಮ ಕಲ್ಲಿಗೂ ನಡುವೆ ಖಾಲಿ ಬಿದ್ದಿದ್ದ ನೆಲವನ್ನು ನೋಡಿದರು. ದೊಡ್ಡದಾಗಿ ಬೆಳೆದ ಹೊಂಗೆಯ ನೆರಳು ಈಗ ಅಲ್ಲಿಯವರೆಗೂ ಹಬ್ಬಿತ್ತು.

"ಎಲ್ಲೂ ಹೋಗಿಲ್ಲ ಕಣವ್ವ, ನಿನ್ ಮೂರಡಿ ನನ್ ತಾವ ಭದ್ರವಾಗೈತೆ. ಮಿಷನ್ ತಂದು ಇಲ್ಲೇ ಹಾಕ್ಕೋ. ಬಾಡಿಗೆ ಗೀಡಿಗೆ ಏನೂ ಬ್ಯಾಡ, ಹಬ್ಬಕ್ಕೊಂದು ರವಿಕೆ ಹೊಲ್ಕೊಡು ಸಾಕು."