ಕರಗದ ಗಂಟು

ಎಲ್ಲೋ ಏನೋ ಎಡವಟ್ಟಾಗಿದೆ ಎಂದು ಅವಳಿಗೆ ಅನುಮಾನ ಹುಟ್ಟಿದ್ದು ಆರನೇ ವಾರ. ಅವಳ ಮೂಗಿನ ಪಕ್ಕದ ಗಂಟು ಹಕ್ಕಳೆಗಟ್ಟಿ ಉದುರಿಹೋಗಿತ್ತು. ಗಂಡನ ಕೆನ್ನೆಯ ಗಂಟು ಎಳ್ಳಷ್ಟೂ ಕರಗಿರಲಿಲ್ಲ. ಒಂದೇ ಆಸ್ಪತ್ರೆ, ಒಬ್ಬರೇ ಡಾಕ್ಟರಮ್ಮ, ಒಂದೇ ಔಷಧಿ.

ಮೊದಲು ಬಂದದ್ದು ಅವಳಿಗೆ. ಚರ್ಮದ ಕ್ಯಾನ್ಸರ್, ಕತ್ತರಿಸುವುದು ಬೇಡ, ವಾರಕ್ಕೊಮ್ಮೆ ಗಂಟಿನೊಳಕ್ಕೇ ಕೀಮೋ ಚುಚ್ಚಿದರೆ ಸಾಕು ಎಂದಿದ್ದರು ಡಾಕ್ಟರಮ್ಮ. ಅವಳು ಒಪ್ಪಲಿಲ್ಲ. ಮಗಳು ತೀರಿಕೊಂಡು ಎರಡು ವರ್ಷ. ಅವಳೊಳಗೆ ಎಲ್ಲವೂ ಮರಗಟ್ಟಿತ್ತು. ಇದ್ದರೇನು, ಹೋದರೇನು? ಗಂಡ ಬೇಡಿದ, ಬೈದ, ಮಾತು ಬಿಟ್ಟ. ಜಪ್ಪಯ್ಯ ಅಂದರೂ ಅವಳು ಜಗ್ಗಲಿಲ್ಲ.

ತಿಂಗಳೊಳಗೆ ಅವನ ಕೆನ್ನೆಯಲ್ಲೂ ಗಂಟು ಎದ್ದಿತು. ಇದೂ ಅದೇ ಎಂದರು ಡಾಕ್ಟರಮ್ಮ.

"ನಾನೊಬ್ಬನೇ ಹೋಗಲ್ಲ ಕಣೇ. ನೀನು ಚುಚ್ಚಿಸ್ಕೊಂಡ್ರೆ ನಾನೂ ಚುಚ್ಚಿಸ್ಕೋತೀನಿ."

ನಲವತ್ತು ವರ್ಷ ನಾಟಕದವರ ಮುಖಕ್ಕೆ ಬಣ್ಣ ಹಚ್ಚಿದವನು. ಮೊದಲ ಆಟದ ಮುಖ ನೂರನೇ ಆಟದಲ್ಲೂ ಕೂದಲೆಳೆಯಷ್ಟು ಬದಲಾಗಬಾರದು ಎಂದು ಹಟ ಹಿಡಿಯುತ್ತಿದ್ದ ಆಸಾಮಿ. ಸೂಜಿ ಕಂಡರೆ ಮಾತ್ರ ಮಕ್ಕಳಿಗಿಂತ ಕಡೆ. ಇವನನ್ನು ಸಾಯಲು ಬಿಡುವುದು ಹೇಗೆ? ಹೊರಟಳು.

ಪ್ರತಿ ಸಲ ಅವಳದ್ದೇ ಮೊದಲು. ಔಷಧಿ ಒಳಹೊಕ್ಕಾಗ ಗಂಟು ಬೆಳ್ಳಗೆ ಉಬ್ಬುತ್ತಿತ್ತು, ಉರಿಯುತ್ತಿತ್ತು. ಅವಳು ಗೋಡೆ ಗಡಿಯಾರ ನೋಡುತ್ತ ಕೂರುತ್ತಿದ್ದಳು. ಆಮೇಲೆ ಅವನು ಪರದೆಯ ಹಿಂದೆ ಹೋಗಿ, ಕೆನ್ನೆಗೆ ಪಟ್ಟಿ ಅಂಟಿಸಿಕೊಂಡು ಬರುತ್ತಿದ್ದ. ಅಯ್ಯೋ ಅಮ್ಮಾ ಎಂಬ ಸದ್ದೇ ಇಲ್ಲ. ಮುಂದಿನ ವಾರದವರೆಗೆ ಆ ಪಟ್ಟಿಯನ್ನು ಯಾರಿಗೂ ಮುಟ್ಟಗೊಡುತ್ತಿರಲಿಲ್ಲ; ಆಸ್ಪತ್ರೆಗೆ ಹೊರಡುವ ಬೆಳಿಗ್ಗೆ ಬಚ್ಚಲಿನ ಬಾಗಿಲು ಹಾಕಿಕೊಂಡು ತಾನೇ ಬಿಚ್ಚುತ್ತಿದ್ದ.

ಇವತ್ತು ಡಾಕ್ಟರಮ್ಮ ಅವಳ ಮೂಗು ಒತ್ತಿ ನೋಡಿ ನಕ್ಕರು. "ನಿಮ್ಮದು ಮುಗೀತಮ್ಮ. ಇನ್ನು ಸೂಜಿ ಬೇಡ."

"ನಂದು ಬಿಡಿ. ಇವರದ್ದು?"

ಡಾಕ್ಟರಮ್ಮ ಅವನ ಕಡೆ ನೋಡಿದರು. "ಇವರದ್ದು ಸ್ವಲ್ಪ ಹಟಮಾರಿ. ಭಯಪಡೋ ಅಂಥದ್ದೇನಿಲ್ಲ."

"ಆರು ವಾರ ಆಯ್ತಲ್ಲ! ಔಷಧಿ ಬದಲಾಯಿಸಿ, ಕತ್ತರಿಸಿ, ಏನಾದ್ರೂ ಮಾಡಿ!" ಅವಳು ಕುರ್ಚಿ ಬಿಟ್ಟೆದ್ದಳು. ಎರಡು ವರ್ಷದಲ್ಲಿ ಮೊದಲ ಸಲ ಅವಳಿಗೆ ಹೆದರಿಕೆಯಾಗಿತ್ತು.

"ಏನೇ ಇದು, ಸುಮ್ನಿರು," ಎಂದು ಗಂಡ ಮುಖ ಆಚೆ ತಿರುಗಿಸಿದ.

"ರೀ, ಇತ್ಲಾಗೆ ತಿರುಗಿ. ನಾನೇ ನೋಡ್ತೀನಿ."

ಗದ್ದ ಹಿಡಿದು ಅವನನ್ನು ಕಿಟಕಿಯ ಬೆಳಕಿಗೆ ಎಳೆದಳು. ಹೆಬ್ಬೆರಳಿನಿಂದ ಗಂಟನ್ನು ಮೆಲ್ಲಗೆ ಒತ್ತಿದಳು.

ಅದು ಕಳಚಿ ಅವಳ ಬೆರಳಿಗೆ ಅಂಟಿಕೊಂಡು ಬಂತು. ಕೆಳಗೆ ಇದ್ದದ್ದು ಬೆಳಿಗ್ಗೆಯಷ್ಟೇ ಬೋಳಿಸಿದ, ಒಂದು ಕಲೆಯೂ ಇಲ್ಲದ ಕೆನ್ನೆ.