ಹಳದಿ ಸ್ವೆಟರ್

"ಅಲ್ಲೇ ನಿಲ್ಲು! ಮೊದ್ಲು ಆ ಸ್ವೆಟರ್ ತೆಗಿ!"

ಏದುಸಿರು ಬಿಡುತ್ತ ಬೆಟ್ಟದ ನೆತ್ತಿಗೆ ಹತ್ತಿ ಬಂದ ಅಕ್ಕನಿಗೆ ತಂಗಿಯಿಂದ ಸಿಕ್ಕ ಸ್ವಾಗತ ಇದು. ಹುಲ್ಲುಗಾವಲಿನಲ್ಲಿ ಯಾವ ಹೂವಿಗೆ ಯಾವ ಹುಳು ಬರುತ್ತದೆಂದು ಕೂತು ನೋಡುವುದು ತಂಗಿಯ ಕೆಲಸ. ಹಳದಿ ಕಂಡರೆ ಸಾಕು, ಹುಳುಗಳು ಹೂವನ್ನು ಬಿಟ್ಟು ಬಟ್ಟೆಗೆ ಮುತ್ತುತ್ತವೆ. ಅಕ್ಕ ಸ್ವೆಟರ್ ಕಳಚಿ ದೂರದ ಬಂಡೆಯ ಮೇಲಿಟ್ಟು, ತಂಗಿಯ ಪಕ್ಕ ಬಂದು ಮುದುಡಿ ಕೂತಳು.

"ನಿನ್ನ ಮುಖ ನೋಡಿ ಎರಡು ವರ್ಷ ಆಯ್ತಲ್ಲೇ. ಅಮ್ಮ ಹೋದ್ಮೇಲೆ ನಿಂಗೆ ನಾನು, ನಂಗೆ ನೀನು, ಅಷ್ಟೇ ಅಲ್ವಾ?"

"ಶ್! ಬಿಸಿಲಿರೋವರೆಗೂ ಮಾತು ಬೇಡ ಅಕ್ಕಾ. ಮೋಡ ಬಂದ ತಕ್ಷಣ ಟೀ ಕಾಯಿಸ್ತೀನಿ, ಆಮೇಲೆ ಎಷ್ಟು ಬೇಕಾದ್ರೂ ಹರಟೋಣ."

"ಮೋಡ ಬಂದ್ರೆ ಕೆಳಗೆ ಕಾಯ್ತಿರೋ ಜೀಪಿನವನು ನಿಲ್ಲಲ್ಲ ಅಂದಿದ್ದಾನೆ ಕಣೇ."

ತಂಗಿ ಕಿವಿಗೆ ಹಾಕಿಕೊಳ್ಳಲಿಲ್ಲ. ಬೆಟ್ಟದ ಬುಡದಲ್ಲಿ ಜೇನು, ನಡುವಿನಲ್ಲಿ ದುಂಬಿ. ಈ ಚಳಿಯ ನೆತ್ತಿಯ ಹೂವುಗಳಿಗೆ ನೊಣಗಳೇ ನೆಂಟರು. ಒಂದಾದರೂ ದುಂಬಿ ಇಷ್ಟೆತ್ತರಕ್ಕೆ ಬಂದೀತೆಂದು ಅವಳು ಬೇಸಿಗೆಯಿಡೀ ಕಾದಿದ್ದಳು. ಮಾತಾಡಲು ಒಂದು ನರಪಿಳ್ಳೆಯೂ ಇಲ್ಲದೆ ನೊಣಗಳ ಯೋಗಕ್ಷೇಮವನ್ನೇ ವಿಚಾರಿಸುವ ಮಟ್ಟಕ್ಕೆ ಬಂದಿದ್ದಳು. ವಾರದ ಮೋಡ ಸರಿದು ಇವತ್ತಷ್ಟೇ ಬಿಸಿಲು ಬಿದ್ದಿತ್ತು, ಹೂವುಗಳು ಬಾಡತೊಡಗಿದ್ದವು. ಇವತ್ತು ತಪ್ಪಿದರೆ ಈ ವರ್ಷಕ್ಕೆ ಮುಗಿಯಿತು.

ಕೆಳಗಿನಿಂದ ಹಾರ್ನ್ ಕೇಳಿಸಿತು. ಅಕ್ಕ ಗಡಗಡ ನಡುಗುತ್ತ ಎದ್ದಳು.

"ಹೊರಟೆ ಕಣೇ. ಈ ಉಬ್ಬಸ ಇಟ್ಕೊಂಡು ಇನ್ನೊಂದ್ಸಲ ಹತ್ತಕ್ಕಾಗಲ್ಲ. ಸ್ವೆಟರ್ ನಿಂಗೇ ಇರ್ಲಿ, ಇಲ್ಲಿ ತುಂಬಾ ಚಳಿ."

"ಒಂದೇ ನಿಮಿಷ ಅಕ್ಕಾ..." ಹೂವಿನಿಂದ ಕಣ್ಣು ಕೀಳದೆ ತಂಗಿ ಕೈ ಎತ್ತಿದಳು.

ಹುಲ್ಲಿನ ಮೇಲೆ ಮೋಡದ ನೆರಳು ಬಿದ್ದಾಗ ಅವಳು ತಿರುಗಿ ನೋಡಿದಳು. ಬಂಡೆಯ ಮೇಲೆ ಸ್ವೆಟರ್ ಮಾತ್ರ ಇತ್ತು. "ಅಕ್ಕಾ!" ಎಂದು ಕೂಗಿಕೊಂಡು ಓಡುವಷ್ಟರಲ್ಲಿ ಜೀಪಿನ ಸದ್ದು ತಿರುವಿನಾಚೆ ಅಡಗಿತು.

ಆಗ ಕಿವಿಯ ಪಕ್ಕದಲ್ಲೇ ಗುಂಯ್ ಎಂದಿತು. ದುಂಬಿ! ಕೆಳಗಿನಿಂದ ಹತ್ತಿ ಬಂದ ದಪ್ಪ ದುಂಬಿ ಹೂವುಗಳನ್ನೆಲ್ಲ ದಾಟಿ ನೇರ ಸ್ವೆಟರ್ ಮೇಲೆ ಕೂತಿತು. ತೋಳಿನುದ್ದಕ್ಕೂ ಹುಡುಕಿತು. ಏನೂ ಸಿಗದೆ ಬಂದ ದಾರಿಯಲ್ಲೇ ಕೆಳಗಿಳಿದು ಹೋಯಿತು. ಹೂವಿನ ಮೇಲೆ ಕೂರದ ಹುಳುವನ್ನು ಬಂದ ಲೆಕ್ಕಕ್ಕೆ ಹಿಡಿಯುವಂತಿಲ್ಲ.

ಅಕ್ಕನ ಮೈಯ ಬಿಸಿ ಒಂದಿಷ್ಟಾದರೂ ಉಳಿದಿರಬಹುದೆಂದು ಅವಳು ಸ್ವೆಟರ್ ತೊಟ್ಟಳು. ಅದು ಬಂಡೆಯಷ್ಟೇ ತಣ್ಣಗಿತ್ತು.